ಹೊರಗೆ ನಿಂತು ನೋಡಲು ಜಾಗವಿಲ್ಲದ ಊರು

ಚರಿತ್ರೆಯ ಚಿತ್ರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕುದುರೆ, ಕತ್ತಿ, ಕಿರೀಟ. ಮದುವೆ ಛತ್ರದ ಗೋಡೆಯಿಂದ ಹಿಡಿದು ಸರ್ಕಲ್‌ನ ಫ್ಲೆಕ್ಸ್‌ವರೆಗೆ ಅದೇ ಕುದುರೆ. ಮುಂಗಾಲು ಎತ್ತಿರುತ್ತದೆ. ರಾಜನ ಮುಖದಲ್ಲಿ ಒಂದು ಹನಿ ಬೆವರು ಇರುವುದಿಲ್ಲ. ಹಿಂದೆ ಸೂರ್ಯ ಹುಟ್ಟುತ್ತಿರುತ್ತಾನೆ. ಇಂಥ ಚಿತ್ರ ಬರೆಸುವವರಿಗೆ ಹಳೆಯ ಕಾಲದ ಮೇಲೆ ಅಷ್ಟೇನೂ ಆಸಕ್ತಿ ಇರುವುದಿಲ್ಲ ಅಂತ ನನ್ನ ಗುಮಾನಿ. ತಮ್ಮ ಇವತ್ತಿನ ಮಾತಿಗೆ ಹಿಂದಿನವರ ಒಂದು ಸಹಿ ಬೇಕು, ಅಷ್ಟೇ.

ಇದು ಹೊಸ ಚಾಳಿಯೇನಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಅಲ್ಲಿನ ಪಶ್ಚಿಮದ ಗೋಡೆ ನೋಡಿರುತ್ತೀರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಅರಮನೆ ಅದು. ಗೋಡೆಯ ಮೇಲೆ ಪೊಲ್ಲಿಲೂರಿನ ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಕಂಪನಿ ಪಡೆಯನ್ನು ಮುರಿದು ಹಾಕಿದ ಕಥೆ. ಸ್ಕೂಲ್ ಮಕ್ಕಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡರೂ ಪರವಾಗಿಲ್ಲ, ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಂದು ಕಡೆ ಮದ್ದಿನ ಗಾಡಿಗೆ ಬೆಂಕಿ ಬಿದ್ದಿದೆ. ಸೋತ ಬೇಯ್ಲಿ ಪಲ್ಲಕ್ಕಿಯೊಳಗೆ ಬೆರಳು ಬಾಯಿಗೆ ಇಟ್ಟುಕೊಂಡು ಕೂತಿದ್ದಾನೆ. ಸುತ್ತ ತಲೆಗಳು ಉರುಳುತ್ತಿವೆ. ಟಿಪ್ಪು ಮಾತ್ರ ಕುದುರೆಯ ಮೇಲೆ ಆರಾಮವಾಗಿ ಹೂವಿನ ವಾಸನೆ ನೋಡುತ್ತಿದ್ದಾನೆ.

ಆ ಹೂವು ನನಗೆ ಬಹಳ ಇಷ್ಟ. ಯುದ್ಧಭೂಮಿಯಲ್ಲಿ ಯಾರು ಹೂ ಮೂಸುತ್ತಾರೆ? ಚಿತ್ರ ಬರೆದವನಿಗೂ ಅದು ಗೊತ್ತು. ಗೆದ್ದವನಿಗೆ ಗಾಬರಿ ಇರಲಿಲ್ಲ ಅಂತ ಹೇಳಲು ಅವನಿಗೆ ಸಿಕ್ಕ ದಾರಿ ಅದು. ಈ ಗೋಡೆಗೆ ಇನ್ನೂ ಒಂದು ಕಥೆ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಅರಮನೆಯಲ್ಲಿ ವಾಸ ಮಾಡಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ ಚಿತ್ರಗಳು ಕೆಟ್ಟುಹೋಗಿದ್ದವು. ಮತ್ತೆ ಬರೆಸಿ ಅಂತ ಅವನೇ ಹೇಳಿದ. ತಾವೇ ಸೋತ ಯುದ್ಧದ ಚಿತ್ರಕ್ಕೆ ತಾವೇ ಬಣ್ಣ ಹಾಕಿಸಿದರು. ಆ ಹೊತ್ತಿಗೆ ಅದರಿಂದ ಅವರಿಗೆ ಭಯವಿರಲಿಲ್ಲ. ಎಂಥ ಶತ್ರುವನ್ನು ಮುಗಿಸಿದೆವು ನೋಡಿ ಅಂತ ತೋರಿಸಲು ಅದು ಬೇಕಾಗಿತ್ತು. ಗೋಡೆ ಅದೇ, ಚಿತ್ರ ಅದೇ, ಗೆದ್ದವರು ಮಾತ್ರ ಬೇರೆ.

ಈ ಗೋಡೆಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಯಾವ ಗೆದ್ದವನಿಗೂ ಕೆಲಸಕ್ಕೆ ಬಾರದ ಚರಿತ್ರೆಯ ಚಿತ್ರ ಹೇಗಿರುತ್ತದೆ ಅಂತ ಯೋಚಿಸಿದಾಗ ನನಗೆ ನೆನಪಾಗುವುದು ಚಿತ್ರಗಾರ ಗುಲಾಮ್‌ಮೊಹಮ್ಮದ್ ಶೇಖ್.

ಶೇಖ್ ಹುಟ್ಟಿದ್ದು 1937ರಲ್ಲಿ, ಗುಜರಾತಿನ ಸೌರಾಷ್ಟ್ರದ ಸುರೇಂದ್ರನಗರದಲ್ಲಿ. ಚಿಕ್ಕಂದಿನಲ್ಲಿ ಒಂದು ಕಡೆ ಅರಬ್ಬಿಯಲ್ಲಿ ಕುರಾನ್ ಓದು, ಇನ್ನೊಂದು ಕಡೆ ಸ್ಕೂಲಿನಲ್ಲಿ ಸಂಸ್ಕೃತ. 1955ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಕಲಾ ಶಾಲೆಗೆ ಸೇರಿದರು. ಆಮೇಲೆ ಅಲ್ಲೇ ಮೇಷ್ಟ್ರಾದರು. ಮೊದಲು ಕಲೆಯ ಇತಿಹಾಸ ಕಲಿಸಿದರು, ನಂತರ ಚಿತ್ರಕಲೆ. ಗುಜರಾತಿಯಲ್ಲಿ ಒಳ್ಳೆಯ ಕವಿ ಕೂಡ. ಇತಿಹಾಸ ಕಲಿಸುವ ಮೇಷ್ಟ್ರು ಕುಂಚ ಹಿಡಿದರೆ ಎರಡು ಅಪಾಯ. ಒಂದೋ ಚಿತ್ರ ಪಾಠದಂತೆ ಆಗುತ್ತದೆ, ಇಲ್ಲ ಎಲ್ಲ ಗೊತ್ತಿದೆ ಅನ್ನುವ ಗತ್ತು ಬರುತ್ತದೆ. ಶೇಖ್ ಮೊದಲನೆಯದರಿಂದ ಯಾವಾಗಲೂ ತಪ್ಪಿಸಿಕೊಂಡರು ಅಂತ ನಾನು ಹೇಳಲಾರೆ. ಅದರ ಮಾತು ಮುಂದೆ ಬರುತ್ತದೆ.

1963ರಿಂದ 66ರವರೆಗೆ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಅದರ ಪಕ್ಕದಲ್ಲೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ನಮ್ಮ ಹಳೆಯ ಚಿತ್ರಗಳ ದೊಡ್ಡ ಭಂಡಾರ ಅಲ್ಲಿದೆ. ಅಕ್ಬರನ ಕಾಲದ ಹಂಜಾನಾಮದ, ಅಂದರೆ ಅಮೀರ್ ಹಂಜಾನ ಸಾಹಸದ ಕಥೆಗಳ, 25ಕ್ಕೂ ಹೆಚ್ಚು ಪುಟಗಳು ಅಲ್ಲಿವೆ. ಇದು 1400 ಚಿತ್ರಗಳ ಭಾರೀ ಕೆಲಸ. ಅಕ್ಬರ್ ಇನ್ನೂ ಹುಡುಗನಾಗಿದ್ದಾಗ, 1562ರ ಆಸುಪಾಸಿನಲ್ಲಿ ಶುರುವಾಗಿ ಮುಗಿಯಲು ಸುಮಾರು 15 ವರ್ಷ ಹಿಡಿಯಿತು. ಬಟ್ಟೆಯ ಮೇಲೆ ಬರೆದ ಒಂದೊಂದು ಚಿತ್ರವೂ ಎರಡು ಅಡಿಗಿಂತ ಎತ್ತರ. ಇವತ್ತು ಉಳಿದಿರುವುದು 200ರ ಒಳಗೆ. ಮ್ಯೂಸಿಯಂನವರಿಗೆ ಇದರ ಕೆಲವು ಪುಟಗಳು ಸಿಕ್ಕಿದ್ದು 1881ರಲ್ಲಿ, ಶ್ರೀನಗರದ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ಅಲ್ಲಿ ಅವನ್ನು ಕಿಟಕಿಗೆ ಅಡ್ಡ ಕಟ್ಟಿದ್ದರು! ಗಾಳಿ ತಡೆಯಲು ಹಂಜಾನಾಮ.

ಭಾರತದಿಂದ ಲಂಡನ್ನಿಗೆ ಹೋದ ಹುಡುಗ ಭಾರತದ ಚಿತ್ರ ನೋಡಿದ್ದು ಲಂಡನ್ನಿನಲ್ಲಿ. ಇದರಲ್ಲಿ ಒಂದು ಕಸಿವಿಸಿ ಇದ್ದೇ ಇದೆ. ಅಲ್ಲಿಂದ ಇಟಲಿಯ ಸಿಯೆನಾದಂಥ ಹಳೆಯ ಊರುಗಳ ಗೋಡೆಚಿತ್ರಗಳೂ ಅವರನ್ನು ಹಿಡಿದವು. ನಮ್ಮ ಮೊಘಲ್, ರಾಜಸ್ಥಾನಿ ಚಿತ್ರಗಳಿಗೂ ಸಿಯೆನಾದ ಗೋಡೆಗೂ ನಡುವೆ ಒಂದು ನೆಂಟಸ್ತಿಕೆ ಇದೆ ಅಂತ ಅವರಿಗೆ ಅನಿಸಿತು. ಎರಡರಲ್ಲೂ ಒಂದೇ ಚಿತ್ರದಲ್ಲಿ ಹತ್ತಾರು ಕಥೆ ನಡೆಯುತ್ತವೆ. ಎರಡರಲ್ಲೂ ಊರು ಅಂದರೆ ಬರೀ ಹಿನ್ನೆಲೆಯ ಪರದೆ ಅಲ್ಲ, ಊರೇ ಪಾತ್ರ.

ಅವರು ವಾಪಸ್ ಬಂದ ಮೇಲೆ ಬರೆದ ಒಂದು ಚಿತ್ರ 'ಬಹಳ ದಿನಗಳ ಮೇಲೆ ಮನೆಗೆ'. 1969ರಿಂದ 73ರವರೆಗೆ ಬರೆದದ್ದು. ಕೆಳಗೆ ಅವರ ತಾಯಿಯ ಮುಖ, ಹಳೆಯ ಫೋಟೋದಲ್ಲಿ ಇರುವ ಹಾಗೆ. ಮೇಲೆ ಸುರೇಂದ್ರನಗರದ ಓಣಿ, ಸುಣ್ಣ ಬಳಿದ ಮನೆಗಳು, ಮಸೀದಿ. ಇನ್ನೂ ಮೇಲೆ ಆಕಾಶದಲ್ಲಿ ಹಳೆಯ ಪರ್ಷಿಯನ್ ಚಿತ್ರದಿಂದ ಇಳಿಸಿಕೊಂಡ, ಪ್ರವಾದಿಯನ್ನು ಹೊತ್ತು ಹಾರುವ ಬುರಾಕ್ ಕುದುರೆಯ ಸವಾರಿ, ಸುತ್ತ ದೇವದೂತರು. ಒಂದು ಬಡಾವಣೆಯ ಮೇಲೆ ಹದಿನಾರನೆಯ ಶತಮಾನದ ಆಕಾಶ. ವಿಚಿತ್ರ ಅನ್ನಿಸುವುದಿಲ್ಲ. ಅಮ್ಮ ಹೇಳುವ ಕಥೆಯಲ್ಲಿ ದೇವದೂತರು ನಮ್ಮ ಮಾಡಿನ ಮೇಲಿಂದಲೇ ಹಾರುತ್ತಾರೆ, ಅಲ್ವಾ?

ಆದರೆ ಚಿತ್ರ ಶುರುವಾದ ವರ್ಷ ನೋಡಿ. 1969ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನಲ್ಲಿ ದೊಡ್ಡ ಗಲಭೆ ಆಯಿತು. ನೂರಾರು ಜನ ಸತ್ತರು. ಅದಾದ ಮೇಲೆ ಗುಜರಾತಿನಲ್ಲಿ ಒಬ್ಬ ಮುಸ್ಲಿಂ ಕಲಾವಿದ ತನ್ನ ಅಮ್ಮನನ್ನು, ತನ್ನ ಓಣಿಯನ್ನು, ತನ್ನ ಆಕಾಶವನ್ನು ಬರೆದರೆ ಅದು ಬರೀ ಮನೆಯ ನೆನಪಾಗಿ ಉಳಿಯುವುದಿಲ್ಲ. ಚಿತ್ರದಲ್ಲಿ ಬೆಂಕಿ ಇಲ್ಲ. ಕೂಗಾಟ ಇಲ್ಲ. ಇದು ನನ್ನ ಮನೆ, ಅಷ್ಟೇ. ಆ ಹೊತ್ತಿನಲ್ಲಿ ಅಷ್ಟು ಹೇಳುವುದೇ ದೊಡ್ಡದು.

1975ರ 'ಮಾತಿಲ್ಲದ ಊರು' ಚಿತ್ರದಲ್ಲಿ ಜನರೇ ಇಲ್ಲ. ಮನೆಗಳಿವೆ, ಗೋಡೆಗಳಿವೆ, ನಾಯಿಗಳು ಅಲೆಯುತ್ತಿವೆ, ದನಗಳು ಏನೋ ಹುಡುಕುತ್ತಿವೆ. ಮನುಷ್ಯರು ಎಲ್ಲಿ ಹೋದರು? ತುರ್ತು ಪರಿಸ್ಥಿತಿಯ ವರ್ಷ ಅದು. ಹಳೆಯ ರಾಜಸ್ಥಾನಿ ಚಿತ್ರದಲ್ಲಿ ಊರು ಅಂದರೆ ಗಿಜಿಗಿಜಿ. ಕಿಟಕಿಯಲ್ಲೊಬ್ಬಳು, ಬಾವಿಯ ಹತ್ತಿರ ನಾಲ್ವರು, ಮಾಳಿಗೆಯ ಮೇಲೆ ಸಂಗೀತ. ಅಂಥ ಚಿತ್ರದಿಂದ ಜನರನ್ನು ಮಾತ್ರ ಒರೆಸಿಹಾಕಿದ ಹಾಗಿದೆ ಇದು. ಹಳೆಯ ಚಿತ್ರ ನೋಡಿ ಗೊತ್ತಿದ್ದವರಿಗೆ ಆ ಖಾಲಿತನ ಇನ್ನೂ ಜಾಸ್ತಿ ತಟ್ಟುತ್ತದೆ. ಹಿಂದಿನ ಕಾಲವನ್ನು ಒಗ್ಗರಣೆಯ ಹಾಗೆ ಮೇಲೆ ಹಾಕುವ ಕಲಾವಿದರು ಬೇಕಾದಷ್ಟಿದ್ದಾರೆ. ಇಲ್ಲಿ ಹಿಂದಿನ ಕಾಲ ಕಾಣುವುದೇ ಇಲ್ಲ. ಇರಬೇಕಾದ್ದು ಏನು ಇಲ್ಲ ಅಂತ ಅದು ತೋರಿಸುತ್ತದೆ.

1981ರಲ್ಲಿ ಮುಂಬೈ ಮತ್ತು ದೆಹಲಿಯಲ್ಲಿ 'ಪ್ಲೇಸ್ ಫಾರ್ ಪೀಪಲ್' ಅಂತ ಒಂದು ಪ್ರದರ್ಶನ ನಡೆಯಿತು. ಶೇಖ್ ಜೊತೆ ಭೂಪೇನ್ ಖಖ್ಖರ್, ಸುಧೀರ್ ಪಟವರ್ಧನ್, ನಳಿನಿ ಮಲಾನಿ, ವಿವಾನ್ ಸುಂದರಂ, ಜೋಗೆನ್ ಚೌಧುರಿ ಇದ್ದರು. ಚಿತ್ರದಲ್ಲಿ ಮತ್ತೆ ಮನುಷ್ಯರು, ಬೀದಿ, ಕಥೆ ಬರಬೇಕು ಅನ್ನುವುದು ಅವರ ಹಟ. ಭಾರತದಲ್ಲಿ ಬದುಕುವುದು ಅಂದರೆ ಒಟ್ಟಿಗೇ ಹಲವು ಕಾಲಗಳಲ್ಲಿ, ಹಲವು ಸಂಸ್ಕೃತಿಗಳಲ್ಲಿ ಬದುಕುವುದು ಅಂತ ಶೇಖ್ ಆ ಸಂದರ್ಭದಲ್ಲಿ ಬರೆದರು. ಈ ಮಾತನ್ನು ಆಮೇಲೆ ಎಷ್ಟು ಜನ ಎಷ್ಟು ಸಲ ಹೇಳಿದ್ದಾರೆ ಅಂದರೆ, ಈಗ ಕೇಳಿದರೆ ಟೂರಿಸಂ ಜಾಹೀರಾತಿನಂತೆ ಕೇಳಿಸುತ್ತದೆ. ಎತ್ತಿನ ಗಾಡಿ ಪಕ್ಕದಲ್ಲಿ ಮೆಟ್ರೋ ಫೋಟೋ ಹಾಕಿದಂತೆ. ಆದರೆ ಅದೇ ವರ್ಷ ಅವರು ಶುರು ಮಾಡಿದ ಚಿತ್ರ ನೋಡಿದರೆ ಆ ಮಾತಿನ ಖಾರ ಗೊತ್ತಾಗುತ್ತದೆ.

ಆ ಚಿತ್ರ 'ಊರು ಮಾರಾಟಕ್ಕಿದೆ'. ಇಂಗ್ಲಿಷಿನಲ್ಲಿ 'ಸಿಟಿ ಫಾರ್ ಸೇಲ್'. 1981ರಿಂದ 84ರವರೆಗೆ ಬರೆದದ್ದು. ಮೂಲ ಚಿತ್ರ ಲಂಡನ್ನಿನಲ್ಲಿದೆ. ನಾನು ನೋಡಿರುವುದು ಅಚ್ಚಿನಲ್ಲಿ, ಮತ್ತೆ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಒಂದೊಂದೇ ಮೂಲೆ. ಬಹುಶಃ ಇದನ್ನು ನೋಡಬೇಕಾದ್ದೂ ಹಾಗೇ. ಒಟ್ಟಾಗಿ ನೋಡಿದರೆ ಕಣ್ಣಿಗೆ ಏನೂ ಹತ್ತುವುದಿಲ್ಲ.

ಊರು ಬರೋಡಾ. ಚಿತ್ರದ ನಡುವೆ ಮೂವರು ಗಂಡಸರು ತಲೆ ಕೂಡಿಸಿ ನಿಂತಿದ್ದಾರೆ. ಒಬ್ಬರ ಬೀಡಿಯಿಂದ ಇನ್ನೊಬ್ಬರು ಬೀಡಿ ಹಚ್ಚಿಕೊಳ್ಳುತ್ತಿದ್ದಾರೆ. ನಮ್ಮ ಯಾವುದೇ ಬಸ್‌ಸ್ಟ್ಯಾಂಡಿನಲ್ಲಿ ಕಾಣುವ ನೋಟ. ಮೂರು ಮುಖ, ಮೂರು ಕೈ, ನಡುವೆ ಕಿಡಿ. ಆದರೆ ಈ ಊರಿನಲ್ಲಿ ಇನ್ನೊಂದು ಕಡೆ ಗಲಭೆ ನಡೆಯುತ್ತಿದೆ. ಬೆಂಕಿ ಇದೆ. ಹಾಗಾಗಿ ಆ ಮೂವರು ಏನು ಮಾತಾಡುತ್ತಿದ್ದಾರೆ ಅನ್ನುವ ಸಂಶಯ ಶುರುವಾಗುತ್ತದೆ. ಸ್ನೇಹಿತರಾ? ಸಂಚು ಹೂಡುವವರಾ? ಸುಮ್ನೆ ಬೀಡಿ ಹಚ್ಚುತ್ತಿರುವವರಾ? ಚಿತ್ರ ಹೇಳುವುದಿಲ್ಲ. ಆ ಸಂಶಯ ಬರುವುದು ನೋಡುವವರ ಒಳಗಿಂದ. ಗಲಭೆಯ ಊರಿನಲ್ಲಿ ಬದುಕಿದವರಿಗೆ ಇದು ಗೊತ್ತು. ನಿನ್ನೆಯವರೆಗೆ ಮೂರು ಜನ ನಿಂತು ಮಾತಾಡುತ್ತಿದ್ದರೆ ನಾವೂ ಹೋಗಿ ಸೇರಿಕೊಳ್ಳುತ್ತಿದ್ದೆವು. ಇವತ್ತು ದೂರದಿಂದಲೇ ದಾರಿ ಬದಲಿಸುತ್ತೇವೆ.

ಇನ್ನೊಂದು ಕಡೆ ಸಿನಿಮಾ. 'ಸಿಲ್ಸಿಲಾ' ಓಡುತ್ತಿದೆ, 1981ರದ್ದೇ ಸಿನಿಮಾ. ಹೊರಗೆ ಊರು ಉರಿಯುತ್ತಿರುವಾಗ ಒಳಗೆ ಪ್ರೇಮದ ಕಥೆ. ಮುಂದುಗಡೆ ತರಕಾರಿ ಮಾರುವ ಹೆಂಗಸು. ಬೇರೆ ಎಲ್ಲರಿಗಿಂತ ದೊಡ್ಡ ಆಕಾರದಲ್ಲಿ ಅವಳಿದ್ದಾಳೆ. ಹಳೆಯ ಚಿತ್ರಗಳಲ್ಲಿ ರಾಜ ಎಲ್ಲರಿಗಿಂತ ದೊಡ್ಡವನಾಗಿರುತ್ತಾನೆ. ಇಲ್ಲಿ ಆ ಅಳತೆ ಸಿಕ್ಕಿರುವುದು ತರಕಾರಿಯವಳಿಗೆ. ಕರ್ಫ್ಯೂ ಸಡಿಲವಾದ ಎರಡು ಗಂಟೆಯಲ್ಲಿ ಮೊದಲು ಬೀದಿಗೆ ಬರುವವರು ಯಾರು? ಅವಳೇ. ಅವಳು ಬರದಿದ್ದರೆ ಊರಿಗೆ ಸಾರಿಲ್ಲ.

ಇಲ್ಲಿ ನನಗೆ ಸಿಯೆನಾ ನೆನಪಾಗುತ್ತದೆ. ಶೇಖ್‌ಗೆ ಬಹಳ ಹತ್ತಿರದ ಗೋಡೆ ಅದು. 1338-39ರಲ್ಲಿ ಆಂಬ್ರೋಜಿಯೋ ಲೊರೆಂಜೆಟ್ಟಿ ಅಲ್ಲಿನ ಪುರಭವನದ ಒಂದು ಕೋಣೆಯಲ್ಲಿ ಬರೆದದ್ದು. ಊರನ್ನು ಆಳುತ್ತಿದ್ದ ಒಂಬತ್ತು ಜನ ಕೂತು ಸಭೆ ನಡೆಸುತ್ತಿದ್ದ ಕೋಣೆ. ಒಂದು ಗೋಡೆಯಲ್ಲಿ ಒಳ್ಳೆಯ ಆಡಳಿತದ ಊರು. ಮಾಡಿನ ಮೇಲೆ ಗಾರೆಯವರು ಕೆಲಸ ಮಾಡುತ್ತಿದ್ದಾರೆ, ಚಪ್ಪಲಿ ಅಂಗಡಿ ತೆರೆದಿದೆ, ಮೇಷ್ಟ್ರು ಪಾಠ ಹೇಳುತ್ತಿದ್ದಾನೆ, ಬೀದಿಯಲ್ಲಿ ಕುಣಿತ. ರೈತನೊಬ್ಬ ಹಂದಿ ಹೊಡೆದುಕೊಂಡು ಬರುತ್ತಿದ್ದಾನೆ. ಎದುರು ಗೋಡೆಯಲ್ಲಿ ಕೆಟ್ಟ ಆಡಳಿತದ ಊರು. ಮನೆಗಳು ಬಿದ್ದಿವೆ. ಸೈನಿಕರು ಹೆಂಗಸನ್ನು ಎಳೆದುಕೊಂಡು ಹೋಗುತ್ತಿದ್ದಾರೆ. ಎಲ್ಲ ಅಂಗಡಿ ಮುಚ್ಚಿವೆ, ಕೆಲಸದಲ್ಲಿರುವವನು ಒಬ್ಬನೇ. ಅವನು ಆಯುಧ ಮಾಡುವವನು.

ಆ ಒಂದು ವಿವರ ಸಾಕು ನನಗೆ. ಇಡೀ ಊರಿನಲ್ಲಿ ವ್ಯಾಪಾರ ಇರುವುದು ಆಯುಧದವನಿಗೆ ಮಾತ್ರ. ಆಳುವವರು ದಿನಾ ಅದರ ಮುಂದೆ ಕೂತು ತೆರಿಗೆ, ನೀರು, ರಸ್ತೆ ಅಂತ ಮಾತಾಡಬೇಕಾಗಿತ್ತು. ನಮ್ಮ ಕಾರ್ಪೊರೇಷನ್ ಕೌನ್ಸಿಲ್ ಹಾಲಿನಲ್ಲಿ ಅಂಥದೊಂದು ಗೋಡೆ ಇದ್ದಿದ್ದರೆ ಅಂತ ಒಮ್ಮೆ ಆಸೆಪಟ್ಟೆ. ಮರುಕ್ಷಣವೇ, ಅದರ ಮುಂದೆ ಫ್ರಿಜ್ ತಂದು ಇಡುತ್ತಾರೆ ಬಿಡು ಅಂತಲೂ ಅನಿಸಿತು.

ಶೇಖ್ ಅವರ ಊರಿನಲ್ಲಿ ಒಳ್ಳೆಯದಕ್ಕೊಂದು ಗೋಡೆ, ಕೆಟ್ಟದ್ದಕ್ಕೊಂದು ಗೋಡೆ ಅಂತ ಇಲ್ಲ. ಎರಡೂ ಒಂದೇ ಓಣಿಯಲ್ಲಿ ನಡೆಯುತ್ತಿವೆ. ಸಿನಿಮಾ ನೋಡುವವರ ಹಿಂದಿನ ಬೀದಿಯಲ್ಲೇ ಬೆಂಕಿ. ಇನ್ನೊಂದು ವಿಷಯ, ಈ ಚಿತ್ರ ಬರೆಸಿದವರು ಯಾರೂ ಇಲ್ಲ. ಪೊಲ್ಲಿಲೂರಿನ ಗೋಡೆಗೆ ಟಿಪ್ಪು ಇದ್ದ, ಹಂಜಾನಾಮಕ್ಕೆ ಅಕ್ಬರ್ ಇದ್ದ, ಲೊರೆಂಜೆಟ್ಟಿಗೆ ಒಂಬತ್ತು ಜನ ಇದ್ದರು. ಇಲ್ಲಿ ಆಳುವವನ ಜಾಗ ಖಾಲಿ. ಹಾಗಾಗಿ ಚಿತ್ರವನ್ನು ಯಾರ ಕಡೆಯಿಂದ ನೋಡಬೇಕು ಅಂತ ಹೇಳುವವರಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಹಳೆಯ ಚಿತ್ರಗಳಿಂದ ಶೇಖ್ ತೆಗೆದುಕೊಂಡದ್ದು ರಾಜರನ್ನಲ್ಲ, ಕಥೆಗಳನ್ನೂ ಅಷ್ಟಾಗಿ ಅಲ್ಲ. ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದನ್ನು.

ಇತ್ತೀಚೆಗೆ ನಾವು ನೋಡುವ ಗಲಭೆಯ ವಿಡಿಯೋಗಳನ್ನು ನೆನಪಿಸಿಕೊಳ್ಳಿ. ಬಹುಪಾಲು ಟೆರೇಸಿನ ಮೇಲಿಂದ ತೆಗೆದವು. ಇಲ್ಲ ಕಿಟಕಿಯ ಸಂದಿಯಿಂದ. ಕೆಳಗೆ ಓಡುತ್ತಿರುವವರು, ಮೇಲೆ ಫೋನ್ ಹಿಡಿದವರು. ತೆಗೆದವರನ್ನು ದೂರುತ್ತಿಲ್ಲ, ಜೀವ ಉಳಿಸಿಕೊಳ್ಳಲು ಎಲ್ಲರೂ ಮೇಲೆಯೇ ಹೋಗುವುದು. ಆದರೆ ಆ ವಿಡಿಯೋ ಸಾವಿರ ಫೋನುಗಳಿಗೆ ಹೋದಾಗ ಅದನ್ನು ನೋಡುವ ನಾವೆಲ್ಲರೂ ಆ ಟೆರೇಸಿಗೆ ಹತ್ತಿಬಿಡುತ್ತೇವೆ. ಬೆಂಕಿ ಯಾವಾಗಲೂ ಕೆಳಗೆ, ಅಲ್ಲಿ, ಅವರದು. ಒಂದು ಕಣ್ಣು, ಒಂದು ಜಾಗ, ಎದುರಿಗೆ ದೂರ ಹೋದಷ್ಟೂ ಚಿಕ್ಕದಾಗುವ ಲೋಕ. ಕ್ಯಾಮೆರಾ ಅದನ್ನು ಕಲಿತಿದ್ದು ಯುರೋಪಿನ ಚಿತ್ರಗಾರರಿಂದ. ದೂರದವರು ಚಿಕ್ಕವರು ಅನ್ನುವ ಲೆಕ್ಕ.

ಶೇಖ್ ಅವರ ಚಿತ್ರದಲ್ಲಿ ಟೆರೇಸ್ ಇಲ್ಲ. ಇದೂ ಮೇಲಿಂದ ನೋಡಿದ ಊರೇ ಅಲ್ವಾ ಅಂತ ಯಾರಾದರೂ ಕೇಳಬಹುದು. ಹೌದು, ಬೀದಿಗಳು ಮೇಲಿಂದ ಕಾಣುತ್ತವೆ. ಆದರೆ ಮನೆಗಳು ಎದುರಿನಿಂದ ಕಾಣುತ್ತವೆ. ಕೋಣೆಗಳು ಒಳಗಿಂದ ಕಾಣುತ್ತವೆ. ದೂರದವರು ಚಿಕ್ಕವರಾಗುವುದಿಲ್ಲ. ಒಂದೊಂದು ಮೂಲೆಗೂ ಕಣ್ಣು ಬೇರೆ ಕಡೆ ಹೋಗಿ ನಿಲ್ಲಬೇಕು. ಉದಯಪುರದ ಹಳೆಯ ಚಿತ್ರಗಳಲ್ಲಿ ಒಬ್ಬನೇ ರಾಣಾ ಒಂದೇ ಚಿತ್ರದಲ್ಲಿ ಮೂರು ನಾಲ್ಕು ಕಡೆ ಇರುತ್ತಾನೆ. ಇಲ್ಲಿ ಬೇಟೆಗೆ ಹೊರಡುತ್ತಾನೆ, ಅಲ್ಲಿ ಬಾಣ ಬಿಡುತ್ತಾನೆ, ಆ ಮೂಲೆಯಲ್ಲಿ ವಾಪಸ್ ಬಂದು ಊಟಕ್ಕೆ ಕೂತಿರುತ್ತಾನೆ. ನೋಡುವವರು ಅವನ ಹಿಂದೆ ನಡೆಯಬೇಕು. ನಮಗೆ ಇದು ಹೊಸದೇನಲ್ಲ. ಹಳೇಬೀಡಿನ ಗೋಡೆ ಸುತ್ತಿದವರಿಗೆ ಕಾಲಿನಿಂದ ಕಥೆ ಓದುವ ಅಭ್ಯಾಸ ಇದೆ. ಈ ಹಳೆಯ ಅಭ್ಯಾಸವನ್ನು ಗಲಭೆಯ ಊರಿಗೆ ತಂದಾಗ ಏನಾಗುತ್ತದೆ? ನೀವು ಸಿನಿಮಾ ಟಾಕೀಸಿನಲ್ಲಿ ಕೂತಿದ್ದೀರಿ, ಆಮೇಲೆ ಬೀಡಿಯವರ ಪಕ್ಕ ನಿಂತಿದ್ದೀರಿ, ಆಮೇಲೆ ಬೆಂಕಿಯ ಹತ್ತಿರ. ಹೊರಗೆ ಎಲ್ಲಿಯೂ ನಿಲ್ಲಲು ಬಿಡುವುದಿಲ್ಲ. ನಾನು ನೋಡಿದವನು ಮಾತ್ರ, ಅಲ್ಲಿದ್ದವನಲ್ಲ ಅಂತ ಹೇಳಿಕೊಳ್ಳಲು ಆಗುವುದಿಲ್ಲ.

ಇಷ್ಟು ಕೆಲಸ ಮಾಡಿದ ಚಿತ್ರ ಈಗ ಎಲ್ಲಿದೆ? ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಹಂಜಾನಾಮದ ಪುಟಗಳಿರುವ ಕಟ್ಟಡದಲ್ಲೇ. ಮಾರಾಟಕ್ಕಿದೆ ಅಂದ ಊರನ್ನು ಲಂಡನ್ನಿನವರು ಕೊಂಡುಕೊಂಡರು ಅಂತ ತಮಾಷೆ ಮಾಡಬಹುದು. ನನಗೆ ಇದರ ಬಗ್ಗೆ ಕೋಪವೇನೂ ಇಲ್ಲ. ಕೊಂಡದ್ದು ಕೊಂಡದ್ದೇ, ಕಿತ್ತದ್ದಲ್ಲ. ಆದರೆ ಬರೋಡಾದ ತರಕಾರಿಯವಳ ಮಗಳು ಅದನ್ನು ನೋಡಬೇಕೆಂದರೆ ವೀಸಾ ಮಾಡಿಸಬೇಕು.

ಮುಂದೆ ಶೇಖ್ ಒಂದು ಭೂಪಟದ ಹಿಂದೆ ಬಿದ್ದರು. ಎಬ್‌ಸ್ಟೋರ್ಫ್ ನಕ್ಷೆ. 13ನೇ ಶತಮಾನದಲ್ಲಿ ಉತ್ತರ ಜರ್ಮನಿಯಲ್ಲಿ 30 ಮೇಕೆ ಚರ್ಮಗಳನ್ನು ಸೇರಿಸಿ ಹೊಲಿದು ಬರೆದ ಲೋಕದ ನಕ್ಷೆ. ಅಗಲ ಎತ್ತರ ಎರಡೂ ಹನ್ನೊಂದು ಹನ್ನೆರಡು ಅಡಿ. ಮೇಲೆ ಕ್ರಿಸ್ತನ ತಲೆ, ಎರಡು ಬದಿಗೆ ಕೈಗಳು, ಕೆಳಗೆ ಪಾದ. ಲೋಕವೇ ಅವನ ಮೈ, ನಡುವೆ ಜೆರುಸಲೇಂ. ಮೂಲ ನಕ್ಷೆ ಈಗ ಇಲ್ಲ. 1943ರಲ್ಲಿ ಹ್ಯಾನೋವರ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋಯಿತು. ಉಳಿದಿರುವುದು ನಕಲು, ಅಚ್ಚಿನ ಚಿತ್ರಗಳು. 2000ದ ನಂತರ ಶೇಖ್ ಆ ನಕ್ಷೆಯ ರೂಪವನ್ನು ಕಂಪ್ಯೂಟರಿಗೆ ಹಾಕಿಕೊಂಡು, ಪ್ರಿಂಟ್ ತೆಗೆದು, ಅದರ ಮೇಲೆ ಬಣ್ಣದಲ್ಲಿ ಬರೆಯತೊಡಗಿದರು. ಕ್ರಿಸ್ತನ ತಲೆ, ಕೈ ಇದ್ದ ಕಡೆ ಬೇರೆಯವರು ಬಂದು ಕೂತರು. ಬಂಗಾರದ ಜಿಂಕೆಯ ಹಿಂದೆ ಓಡುವ ರಾಮ, ಲೈಲಾಳ ವಿರಹದಲ್ಲಿ ಒಣಗಿದ ಮಜ್ನೂ, ಇಟಲಿಯ ಹಳೆಯ ಚಿತ್ರಗಾರ ಜೊತ್ತೋ ಬರೆದ ಮೇರಿ ಮ್ಯಾಗ್ಡಲೀನ್, ಮಗ್ಗದ ಮುಂದೆ ಕೂತ ಕಬೀರ್.

ಯುದ್ಧದಲ್ಲಿ ಸುಟ್ಟ ನಕ್ಷೆಯನ್ನೇ ಅವರು ಆರಿಸಿಕೊಂಡದ್ದು ನನಗೆ ಮುಖ್ಯ ಅನಿಸುತ್ತದೆ. 1992ರಲ್ಲಿ ಬಾಬ್ರಿ ಮಸೀದಿ ಬಿದ್ದಿತ್ತು. 2002ರ ಗುಜರಾತ್ ಗಲಭೆ ಆಗಿತ್ತು. ಗುಜರಾತಿನಲ್ಲಿ ಕೂತು ಲೋಕದ ನಡುವೆ ಏನಿದೆ ಅಂತ ಮತ್ತೆ ಬರೆಯಬೇಕಿತ್ತು. ಜೆರುಸಲೇಂ ಇದ್ದ ಜಾಗಕ್ಕೆ ಯಾವ ಊರು?

ಕಬೀರ ಅವರ ಕುಂಚಕ್ಕೆ ಬಂದದ್ದು 1990ರ ದಶಕದಲ್ಲಿ. ಹಳೆಯ ಮೊಘಲ್ ಚಿತ್ರವೊಂದರಲ್ಲಿ ಕಬೀರ್ ಮಗ್ಗದ ಮುಂದೆ ಕೂತಿದ್ದಾನೆ. ತಲೆಯ ಮೇಲೆ ಟೋಪಿ, ಕೈಯಲ್ಲಿ ನೂಲು. ಸಂತ ಅನ್ನಲು ಬೇಕಾದ ಯಾವ ಪ್ರಭೆಯೂ ಇಲ್ಲ, ಕೆಲಸದಲ್ಲಿರುವ ನೇಕಾರ. ಆ ಕಬೀರನನ್ನೇ ಶೇಖ್ ಮತ್ತೆ ಮತ್ತೆ ಬರೆದರು. ಕನ್ನಡದ ನಮಗೆ ಕಬೀರ್ ಅಂದರೆ ಕಿವಿಗೆ ಬರುವುದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ದನಿ. ಅವರು ಹಾಡಿದ ನಿರ್ಗುಣ ಭಜನೆಗಳನ್ನು ಕೇಳಿ ಶೇಖ್ ಅವರ ಕಬೀರನ ಚಿತ್ರ ನೋಡಿದರೆ ಎರಡೂ ಒಂದೇ ಮನೆಯವು ಅನಿಸುತ್ತದೆ. ಕಬೀರನ ತಲೆಕೆಳಗು ಮಾತುಗಳಿವೆಯಲ್ಲ, ಅಲ್ಲಮನ ಬೆಡಗಿನ ವಚನದ ಸೋದರರು, ಅವನ್ನೂ ಶೇಖ್ ಚಿತ್ರಕ್ಕೆ ಇಳಿಸಿದ್ದಾರೆ. ಅಲ್ಲಿ ಅವರು ಗೆದ್ದಿದ್ದಾರೆ. ಮಾತು ತಲೆಕೆಳಗಾದ ಕಡೆ ಚಿತ್ರವೂ ತಲೆಕೆಳಗಾಗುತ್ತದೆ.

ಈಗ ನನ್ನ ತಕರಾರು. 2025ರಲ್ಲಿ ದೆಹಲಿಯ ಸಾಕೇತ್‌ನಲ್ಲಿರುವ ಕಿರಣ್ ನಾಡಾರ್ ಮ್ಯೂಸಿಯಂನಲ್ಲಿ ಅವರ ಆರು ದಶಕದ ಕೆಲಸದ ಪ್ರದರ್ಶನ ಇತ್ತು. ಅಲ್ಲಿ 'ಕಾರವಾನ್' ಅಂತ ಒಂದು ಬೃಹತ್ ಚಿತ್ರ. 2019ರಿಂದ 2023ರವರೆಗೆ ಬರೆದದ್ದು. ಶುರು ಮಾಡಿದಾಗ ಅವರಿಗೆ 80 ದಾಟಿತ್ತು ಅನ್ನುವುದನ್ನು ಮರೆಯಬಾರದು. ಒಂದು ದೊಡ್ಡ ಹಡಗು. ಅದರ ತುಂಬಾ ಕವಿಗಳು, ಚಿತ್ರಗಾರರು, ಸಂತರು. ಲೋಕ ಮುಳುಗುತ್ತಿದೆ, ಇವರನ್ನು ಉಳಿಸಿಕೊಳ್ಳೋಣ ಅನ್ನುವ ಹಾಗೆ. ಚಿತ್ರ ಚೆಂದ ಇದೆ. ಹತ್ತಿರ ಹೋಗಿ ಒಬ್ಬೊಬ್ಬರನ್ನೇ ಗುರುತು ಹಿಡಿಯುವ ಆಟದಲ್ಲಿ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಆದರೆ ಆ ಆಟವೇ ನನಗೆ ತೊಡಕಾಗಿ ಕಂಡಿತು. ಹಡಗಿನಲ್ಲಿರುವವರೆಲ್ಲ ಒಳ್ಳೆಯವರು. ಆ ಮೂವರು ಬೀಡಿಯವರಿಗೆ ಇಲ್ಲಿ ಜಾಗವಿಲ್ಲ. ಸಂಶಯಕ್ಕೆ ಜಾಗವಿಲ್ಲ. ಗಾಂಧಿ, ಕಬೀರ್, ಸೂಫಿಗಳು ಅಂತ ಸಾಲಾಗಿ ನಿಂತಾಗ ನನ್ನಂಥ ನೋಡುವವನಿಗೆ ಸಮಾಧಾನವಾಗುತ್ತದೆ. ನಾನೂ ಇವರ ಕಡೆಯವನೇ ಅಂತ. ಹಳೆಯ ಚಿತ್ರ ನನ್ನನ್ನು ಊರಿನ ಒಳಗೆ ನಿಲ್ಲಿಸಿತ್ತು. ಇದು ನನ್ನನ್ನು ಹಡಗಿಗೆ ಹತ್ತಿಸಿಬಿಡುತ್ತದೆ. ಹಡಗು ಕೂಡ ಒಂದು ಟೆರೇಸೇ.

ನನ್ನ ಜೊತೆ ಬಂದಿದ್ದ ಸ್ನೇಹಿತರೊಬ್ಬರು ಇದನ್ನು ಒಪ್ಪಲಿಲ್ಲ. ಅವರು ಚಿತ್ರ ಬರೆಯುವವರು. "ಮೂವತ್ತು ವರ್ಷ ಬೆಂಕಿ ಬರೆದವನಿಗೆ ಎಂಬತ್ತರಲ್ಲಿ ಒಂದು ಹಡಗು ಬರೆಯೋ ಹಕ್ಕಿಲ್ವೇನಪ್ಪಾ?" ಅಂದರು. ಹಕ್ಕಿನ ಮಾತಲ್ಲ ಇದು ಅಂತ ನಾನಂದೆ. ಕ್ಯಾಂಟೀನಿನವರೆಗೂ ಜಗಳ ಮುಂದುವರಿಯಿತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಅವರ ಮಾತೂ ನಡುವೆ ಬಂತು. ಅವರೂ ಬರೋಡಾದಲ್ಲೇ ಕಲಿತವರು. ಹಳೆಯ ಚಿತ್ರಗಳ ಒಳಗೆ ತಾನೇ ವೇಷ ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ರವಿವರ್ಮನ ಬೆಳದಿಂಗಳ ಹೆಣ್ಣು ಆಗುತ್ತಾರೆ, ವಾಸ್ಕೋ ಡ ಗಾಮನೂ ಆಗುತ್ತಾರೆ. ಅಲ್ಲಿ ನಗು ಇದೆ, ಚೇಷ್ಟೆ ಇದೆ, ಹಾಗಾಗಿ ಹಿಂದಿನವರು ಪೂಜೆಯ ಮಂಟಪ ಹತ್ತುವುದಿಲ್ಲ ಅಂತ ನನ್ನ ವಾದ. ಶೇಖ್ ಅವರ ಕೊನೆಯ ಕೆಲಸಗಳಲ್ಲಿ ಆ ಚೇಷ್ಟೆ ಸ್ವಲ್ಪ ಕಮ್ಮಿ. ಸ್ನೇಹಿತರು ಇದಕ್ಕೂ ತಲೆಯಾಡಿಸಲಿಲ್ಲ.

ಇಬ್ಬರೂ ಒಪ್ಪಿದ್ದು ಕಾವಡ್ ವಿಷಯದಲ್ಲಿ. ಕಾವಡ್ ಅಂದರೆ ರಾಜಸ್ಥಾನದ ಹೊತ್ತೊಯ್ಯುವ ಗುಡಿ. ಚಿತ್ತೋಡಗಢದ ಹತ್ತಿರದ ಬಸ್ಸಿ ಅನ್ನುವ ಊರಿನಲ್ಲಿ ಸುತಾರ್ ಬಡಗಿಗಳು ಮಾಡುತ್ತಾರೆ. ಮರದ ಪೆಟ್ಟಿಗೆಗೆ ಬಾಗಿಲ ಮೇಲೆ ಬಾಗಿಲು, ಪ್ರತಿ ಬಾಗಿಲಿನ ಮೇಲೂ ಚಿತ್ರ. ಕಥೆ ಹೇಳುವ ಭಾಟರು ಅದನ್ನು ಹೊತ್ತು ಮನೆಮನೆಗೆ ಹೋಗುತ್ತಾರೆ. ನವಿಲುಗರಿಯಿಂದ ಮುಟ್ಟಿ ತೋರಿಸುತ್ತಾ ಒಂದೊಂದೇ ಬಾಗಿಲು ತೆರೆಯುತ್ತಾರೆ. ದೇವರ ಕಥೆಯ ಜೊತೆ ಆ ಮನೆಯವರ ವಂಶದ ಕಥೆಯನ್ನೂ ಹಾಡುತ್ತಾರೆ. ಕೊನೆಯ ಬಾಗಿಲಿನ ಒಳಗೆ ದೇವರು. 2008ರಲ್ಲಿ ಶೇಖ್ ಇದನ್ನು ಮನುಷ್ಯರು ಒಳಗೆ ನಡೆದು ಹೋಗುವಷ್ಟು ದೊಡ್ಡದು ಮಾಡಿದರು. ಹೆಸರು 'ಕಾವಡ್: ಸಂಚಾರಿ ಗುಡಿ: ಮನೆ'. ಇಲ್ಲಿ ಮತ್ತೆ ಕಾಲಿಗೆ ಕೆಲಸ. ಒಂದು ಕಡೆಯಿಂದ ನೋಡಿದರೆ ಅರ್ಧ ಮುಚ್ಚಿರುತ್ತದೆ. ಈ ಫಲಕದ ಹಿಂದೆ ಏನಿದೆ ಅಂತ ಸುತ್ತಿ ಬರಬೇಕು. ಎಲ್ಲವೂ ಒಂದೇ ನೋಟಕ್ಕೆ ಸಿಗುವುದೇ ಇಲ್ಲ. ಹಡಗಿನ ಮುಂದೆ ನನಗೆ ಸಿಗದಿದ್ದು ಇಲ್ಲಿ ಸಿಕ್ಕಿತು.

ಒಂದೇ ಕೊರತೆ. ಕಾವಡ್‌ಗೆ ಕಥೆ ಹೇಳುವವನು ಬೇಕು. ಗ್ಯಾಲರಿಯಲ್ಲಿ ಭಾಟ ಇರುವುದಿಲ್ಲ, ಬಾಗಿಲು ಮುಟ್ಟುವ ಹಾಗೂ ಇಲ್ಲ. ಅದು ಸರಿಯೇ, ಬಣ್ಣ ಉಳಿಯಬೇಕಲ್ಲ. ನಾವಿದ್ದಾಗ ಒಬ್ಬ ಅಜ್ಜಿ ಮೊಮ್ಮಗನಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದರು. ಅವನು ಕಬೀರನತ್ತ ಬೆರಳು ತೋರಿಸಿ ಇವರು ಹಿಂದೂವಾ, ಮುಸ್ಲಿಮಾ ಅಂತ ಕೇಳಿದ. ಅಜ್ಜಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ನೇಕಾರ" ಅಂದರು. ಹುಡುಗ ಅಷ್ಟಕ್ಕೆ ಬಿಡುವ ಪೈಕಿ ಅಲ್ಲ. ಮತ್ತೆ ಕೇಳಿದ, ಸ್ವಲ್ಪ ಜೋರಾಗಿಯೇ.